ಹಿಡಿಗೈ

ಅವಳಿಗೆ ಮುರಿದ ಮೂಳೆ ಒಂದೂ ಇರಲಿಲ್ಲ. ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದಲೇ.

ಸಂಜೆ ಕೆಲಸ ಮುಗಿಸಿ ಎಲ್ಲರೂ ಮೇಸ್ತ್ರಿಯ ವ್ಯಾನಿನ ಹಿಂಭಾಗದಲ್ಲಿ ನಿಂತು ಮನೆಗೆ ಬರುತ್ತಿದ್ದರು. ಸಿಗ್ನಲ್ಲಿನಲ್ಲಿ ವ್ಯಾನು ನಿಂತಿತ್ತು. ಹಿಂದಿನಿಂದ ಹಾಲಿನ ಲಾರಿಯೊಂದು ಬಂದು ಗುದ್ದಿತು. ನಿಂತವರೆಲ್ಲ ಮೂಟೆ ಬಿದ್ದಂತೆ ಒಬ್ಬರ ಮೇಲೊಬ್ಬರು ಬಿದ್ದರು. ಗಾರೆ ಕೆಲಸದವನ ಕಾಲು ಮುರಿಯಿತು. ಅವಳೊಬ್ಬಳು ಬೀಳಲಿಲ್ಲ. ಬಲಗೈಯಲ್ಲಿ ಮೇಲಿನ ಕಂಬಿ ಹಿಡಿದಿದ್ದಳು, ಹಿಡಿದದ್ದನ್ನು ಬಿಡಲಿಲ್ಲ. ವ್ಯಾನು ಮುಂದಕ್ಕೆ ಹಾರಿತು, ಮೈ ಹಿಂದಕ್ಕೆ ಹೋಯಿತು, ಕೈ ಮಾತ್ರ ಕಂಬಿಯಲ್ಲೇ ಉಳಿಯಿತು. ಭುಜದೊಳಗೆ ಹಳೆಯ ಬಟ್ಟೆ ಹರಿದಂಥ ಸದ್ದಾಯಿತು. ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ.

ಆಸ್ಪತ್ರೆಯಲ್ಲಿ ಗಾರೆಯವನ ಕಾಲಿಗೆ ದಪ್ಪನೆಯ ಬಿಳಿ ಪ್ಲಾಸ್ಟರ್ ಪಟ್ಟು ಹಾಕಿದರು. ಅವನ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರೆ ಓದು ಬರದವರಿಗೂ ಅರ್ಥವಾಗುತ್ತಿತ್ತು. ಒಂದು ಮೂಳೆ ಇದ್ದಲ್ಲಿ ಎರಡಿದ್ದವು. ಅವಳ ಎಕ್ಸ್‌ರೇ ಹಿಡಿದರೆ ಹೊಸದಾಗಿ ಕಟ್ಟಿದ ಗೋಡೆಯ ಹಾಗೆ ಎಲ್ಲವೂ ನೆಟ್ಟಗೆ, ಸಾಲಾಗಿ, ಬಿರುಕಿಲ್ಲದೆ ಇತ್ತು.

"ಏನೂ ಆಗಿಲ್ಲಮ್ಮ," ಎಂದರು ಅಂದು ಕೆಲಸದಲ್ಲಿದ್ದ ಡಾಕ್ಟರು. "ಮುಲಾಮು ಹಚ್ಚಿ, ರೆಸ್ಟ್ ತಗೊಳ್ಳಿ."

ಮರುದಿನ ಅವಳಿಗೆ ತಲೆ ಬಾಚಲು ಆಗಲಿಲ್ಲ.

ಕಟ್ಟಡದ ಕೆಲಸದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಿಡಿಗೈ ಎಂದು. ಜಿಪುಣತನಕ್ಕೆ ಬಂದ ಹೆಸರಲ್ಲ ಅದು. ಗೋಡೆ ಆಳೆತ್ತರ ದಾಟಿದ ಮೇಲೆ ಇಟ್ಟಿಗೆಯನ್ನು ಹೊತ್ತು ಹತ್ತುವುದಿಲ್ಲ, ಎಸೆಯುತ್ತಾರೆ. ನೆಲದ ಮೇಲೆ ಒಬ್ಬಳು ನಿಂತು ಎಸೆಯಬೇಕು, ಗೋಡೆಗೆ ಕಟ್ಟಿದ ಸಾರುವೆಯ ಹಲಗೆಯ ಮೇಲೆ ಒಬ್ಬಳು ನಿಂತು ಹಿಡಿಯಬೇಕು. ಹಿಡಿದು, ಪಕ್ಕಕ್ಕೆ ಇಟ್ಟು, ಮತ್ತೆ ಕೈ ಚಾಚುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಎಸೆಯುವವಳು ಪ್ರತಿ ಸಲ "ಹೋ" ಎನ್ನುತ್ತಾಳೆ. ಹಿಡಿಯುವವಳು ಇಟ್ಟಿಗೆಯನ್ನು ನೋಡುವುದಿಲ್ಲ. ನೋಡಿದರೆ ತಡವಾಗುತ್ತದೆ. "ಹೋ" ಕಿವಿಗೆ ಬಿದ್ದೊಡನೆ ಕೈ ತಾನಾಗಿ ಹೋಗಬೇಕು.

ಈ ಸಾಲಿಗೆ ಒಂದು ಕಟ್ಟುನಿಟ್ಟು ಇತ್ತು. ಮೇಲಿನವಳ ಕೈಯಿಂದ ಇಟ್ಟಿಗೆ ಬಿದ್ದರೆ ಅವಳು ಅಂದೇ ಕೆಳಗಿಳಿಯಬೇಕು, ಆ ಕಟ್ಟಡ ಮುಗಿಯುವ ತನಕ ಮತ್ತೆ ಮೇಲೆ ಹತ್ತುವಂತಿಲ್ಲ. ಮೇಸ್ತ್ರಿ ಮಾಡಿದ ನಿಯಮವಲ್ಲ ಇದು, ಹೆಂಗಸರೇ ಮಾಡಿಕೊಂಡದ್ದು. ಕೆಳಗೆ ನಿಂತವರ ತಲೆ ಅವರದೇ ತಾನೆ. ಹಿಡಿಗೈ ಮದುವೆಯಾಗಿ ಬಂದ ವರ್ಷ ಸಾರುವೆ ಹತ್ತಿದವಳು ಇನ್ನೂ ಇಳಿದಿರಲಿಲ್ಲ. ಅವಳಿಗಿಂತ ಮುಂಚೆ ಅವಳ ಅತ್ತೆ ಅದೇ ಹಲಗೆಯ ಮೇಲೆ ನಿಂತಿದ್ದಳು. ಕಣ್ಣು ಮಂಜಾದ ದಿನ ತಾನಾಗಿ ಇಳಿದು, ಸೊಸೆಯನ್ನು ಹತ್ತಿಸಿ, ಕೆಳಗಿನಿಂದ ಒಂದೇ ಮಾತು ಹೇಳಿದ್ದಳು:

"ಬಂದಿದ್ದನ್ನ ಬೀಳೋಕೆ ಬಿಡಬೇಡ. ಕೈ ನೋಯ್ತು ಅಂತ ಬಾಯಿ ಬಿಡಬೇಡ. ಇಷ್ಟೇ ವಿದ್ಯೆ."

ಎರಡನೆಯ ಮಾತಿಗೂ ಕಾರಣವಿತ್ತು. ಅತ್ತೆಯ ಕಾಲದಲ್ಲಿ ಮೇಲಿದ್ದ ಒಬ್ಬಳು "ಮೆಲ್ಲಗೆ ಎಸೆಯೇ, ಕೈ ನೋಯ್ತಿದೆ" ಎಂದಳಂತೆ. ಕೆಳಗಿದ್ದವಳ ಕೈ ಅಳುಕಿತು. ಅಳುಕಿದ ಕೈಯ ಇಟ್ಟಿಗೆ ಅರ್ಧ ದಾರಿ ಹೋಗಿ, ಅವಳ ಮುಖದ ಮೇಲೇ ವಾಪಸು ಬಂತು. ಆಮೇಲೆ ಅವಳು ಇಟ್ಟಿಗೆ ಮುಟ್ಟಲೇ ಇಲ್ಲ. ಎಸೆಯುವ ಕೈಗೆ ಒಮ್ಮೆ ಅನುಮಾನ ಹೊಕ್ಕರೆ ಬಿಡಿಸುವ ಮದ್ದಿಲ್ಲ.

ಹಿಡಿಗೈಗೆ ಎಸೆಯುತ್ತಿದ್ದವಳು ಅವಳ ನಾದಿನಿ. ಹೆಸರಿಗೆ ಗುಬ್ಬಿ. ಹುಟ್ಟಿದಾಗ ಸಣ್ಣಗಿದ್ದಳಂತೆ, ಆಮೇಲೆ ಹೆಸರು ಬದಲಾಯಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಈಗ ಅವಳು ಬಾಗಿಲಲ್ಲಿ ನಿಂತರೆ ಬಾಗಿಲೇ ಬೇಡ. ಗಂಡನ ಮನೆ ಬಿಟ್ಟು ಬಂದು ತಾಯಿಯ ಜೊತೆ ಇದ್ದಳು. ಹಿಡಿಗೈಯ ಗಂಡ ಸರಕು ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಎರಡು ಕೋಣೆಯ ಆ ಮನೆ ನಿಂತಿದ್ದದ್ದು ಈ ಇಬ್ಬರು ಹೆಂಗಸರ ಕೈಗಳ ಮೇಲೆ.

ನೋವು ಇಳಿಯದೆ ಇದ್ದಾಗ ಗುಬ್ಬಿಯೇ ಅತ್ತಿಗೆಯನ್ನು ಎಳೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋದಳು. ಅಲ್ಲಿ ದೊಡ್ಡ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಹೇಳಿದಳು:

"ಮೂಳೆ ಚೆನ್ನಾಗಿದೆ. ಮೂಳೆಗೂ ಮಾಂಸಕ್ಕೂ ಕಟ್ಟಿರೋ ಹಗ್ಗದ ಥರದ್ದೊಂದು ಇರುತ್ತೆ, ಅದು ಅರ್ಧ ಹರಿದಿದೆ. ಇದಕ್ಕೆ ಮೃದು ಅಂಗಾಂಶದ ಗಾಯ ಅಂತೀವಿ. ಆಪರೇಷನ್ ಮಾಡಿ ಹೊಲಿದರೆ ಕೈ ಮೊದಲಿನ ಹಾಗೇ ಮೇಲೆ ಹೋಗುತ್ತೆ. ಅಲ್ಲಿವರೆಗೂ ಜೋಪಾನ. ಉಳಿದ ಅರ್ಧ ಹರಿದರೆ ಆಮೇಲೆ ಹೊಲಿಗೆಯೂ ನಿಲ್ಲಲ್ಲ."

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತೆ ಬಾಯಿ ತುಂಬಾ ನಕ್ಕಳು.

"ಮೃದು ಅಂತೆ! ನಿನ್ನಲ್ಲಿ ಮೃದು ಅನ್ನೋದು ಎಲ್ಲಿತ್ತೇ? ನಿನ್ನ ಗಂಡನಿಗೆ ಹೇಳ್ತೀನಿ ತಾಳು, ಪಾಪ, ಇಷ್ಟು ವರ್ಷ ಹುಡುಕ್ತಾ ಇದ್ದ."

"ಅಮ್ಮ, ನಗೋ ಹೊತ್ತಾ ಇದು?" ಎಂದಳು ಗುಬ್ಬಿ.

"ಅತ್ತರೆ ಹೊಲಿಗೆ ಬೀಳುತ್ತೇನೇ? ಬೀಳೋದಾದ್ರೆ ಹೇಳು, ಈಗಲೇ ಅಳ್ತೀನಿ."

ಆಪರೇಷನ್ನಿಗೆ ಬೇಕಾದ ಹಣ ಮನೆಯಲ್ಲಿರಲಿಲ್ಲ, ಹುಟ್ಟುವ ದಾರಿಯೂ ಇರಲಿಲ್ಲ. ಹಾಲಿನ ಲಾರಿಗೆ ವಿಮೆ ಇತ್ತು. ಗಾರೆಯವನಿಗೆ ವಿಮೆ ಕಂಪನಿ ಸದ್ದಿಲ್ಲದೆ ಕೊಟ್ಟು ಮುಗಿಸಿತು. ಅವನು ಕಾಲು ಚಾಚಿ ಕೂತು, ಬಂದವರಿಗೆಲ್ಲ ಪಟ್ಟು ತೋರಿಸುತ್ತಿದ್ದ. "ಮುರಿಯೋದಾದ್ರೆ ಪೂರ್ತಿ ಮುರೀಬೇಕು ಕಣಕ್ಕ," ಎಂದ ಅವಳನ್ನು ನೋಡಿ. "ನಿಂದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯ್ತು." ತಮಾಷೆಗೆ ಹೇಳಿದ್ದೇ ಆದರೂ ಅದೇ ನಿಜವಾಯಿತು. ಅವಳ ಅರ್ಜಿಗೆ ಕಂಪನಿ ತಕರಾರು ಎತ್ತಿತು. ಅವರ ಡಾಕ್ಟರು ಅವಳ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿ, ಇದು ಅಪಘಾತದ್ದಲ್ಲ, ದುಡಿದು ದುಡಿದು ಸವೆದದ್ದು ಎಂದು ಬರೆದುಕೊಟ್ಟರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಭುಜದೊಳಗಿನ ಹುಣ್ಣಿಗೆ ಎಷ್ಟು ಕನ್ನಡಿ ಹಿಡಿದರೂ ಸಾಲದು ಎಂದು ಅವಳಿಗೆ ಆಗ ಗೊತ್ತಾಯಿತು.

ಕೇಸು ಕೋರ್ಟಿಗೆ ಹೋಯಿತು. ಅಷ್ಟು ದಿನ ಸಾರುವೆಯ ಮೇಲೆ ಬೇರೊಬ್ಬಳು ನಿಂತಳು. ಒಂದು ಬೀಳಿಸಿ ಇಳಿದಳು. ಮತ್ತೊಬ್ಬಳು ಹತ್ತಿದಳು, ಅವಳೂ ಇಳಿದಳು. ಗುಬ್ಬಿ ಸಂಜೆ ಬಂದು ಗೊಣಗುತ್ತಿದ್ದಳು, "ಗೋಡೆಗೆ ಎಸೆದ ಹಾಗಿದೆ ಅತ್ತಿಗೆ. ನೀವು ಬೇಗ ಬನ್ನಿ." ಮೇಸ್ತ್ರಿ ಒಂದು ದಿನ ಮನೆ ಬಾಗಿಲಿಗೇ ಬಂದ.

"ಹಿಡಿಗೈಯಮ್ಮ, ಹೊಸ ಕಟ್ಟಡ ಒಪ್ಪಿಕೊಂಡಿದೀನಿ. ಗೋಡೆ ಆಳೆತ್ತರ ಏಳೋವರೆಗೂ ನಿನ್ನ ಜಾಗ ಇಟ್ಟಿರ್ತೀನಿ. ಆಮೇಲೆ ನಾನೂ ಹೊಟ್ಟೆಪಾಡಿನವನು."

"ಇಟ್ಟಿರಿ. ಬರ್ತೀನಿ," ಎಂದಳು ಅವಳು.

ಬರಬೇಕಾದರೆ ಆಪರೇಷನ್ ಆಗಬೇಕು. ಆಪರೇಷನ್ ಆಗಬೇಕಾದರೆ ಕೋರ್ಟು ಅವಳ ಕೈಯನ್ನು ನಂಬಬೇಕು. ಎಲ್ಲವೂ ಅಲ್ಲಿ ಬಂದು ನಿಂತಿತ್ತು.

ಅವಳ ವಕೀಲ ಚಿಕ್ಕ ವಯಸ್ಸಿನವನು. ಕೋಟು ಅವನಿಗಿಂತ ಹಿರಿಯದು. ವಿಚಾರಣೆಯ ಹಿಂದಿನ ದಿನ ಅವಳನ್ನು ಕೂರಿಸಿಕೊಂಡು ಪಾಠ ಹೇಳಿದ.

"ಅಕ್ಕಾ, ಕೈ ಎತ್ತಿ ಅಂತಾರೆ. ಎಷ್ಟು ಆಗುತ್ತೋ ಅಷ್ಟೇ ಎತ್ತಿ. ಆದರೆ ನೋವು ಮುಖದ ಮೇಲೆ ಕಾಣಬೇಕು. ನೀವು ಹೀಗೆ ಕಲ್ಲು ನಿಂತ ಹಾಗೆ ನಿಂತರೆ ಯಾರು ನಂಬ್ತಾರೆ?"

"ನೋವು ಭುಜದಲ್ಲಿದೆ ವಕೀಲರೇ. ಮುಖದಲ್ಲಿ ಯಾಕೆ ಬರಬೇಕು?"

"ಭುಜದೊಳಗೆ ಇಣುಕಿ ನೋಡೋಕೆ ಆಗಲ್ಲವಲ್ಲ, ಅದಕ್ಕೆ. ಸುಳ್ಳು ಹೇಳಿ ಅಂತಿಲ್ಲ. ಇರೋದನ್ನ ತೋರಿಸಿ ಅಂತಿದೀನಿ."

ಆ ಸಂಜೆ ಅವಳು ಗೋಡೆಯ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಹುಬ್ಬು ಗಂಟಿಕ್ಕಿದಳು, ಬಾಯಿ ಸೊಟ್ಟ ಮಾಡಿದಳು. ಅತ್ತೆ ಮೂಲೆಯಿಂದ ನೋಡುತ್ತಿದ್ದಳು.

"ಏನೇ ಅದು, ಹುಳಿ ತಿಂದ ಮೇಕೆ ಥರ?"

"ನೋವು ತೋರಿಸ್ತಿದೀನಿ."

"ಅದು ನೋವಲ್ಲ, ಅಜೀರ್ಣ."

ಗುಬ್ಬಿ ತಾನು ಮಾಡಿ ತೋರಿಸಿದಳು, ತೋಳು ಹಿಡಿದುಕೊಂಡು "ಅಯ್ಯಮ್ಮಾ" ಎಂದು ಗೋಡೆಗೆ ಒರಗಿದಳು. ಅದು ಎಷ್ಟು ಚೆನ್ನಾಗಿತ್ತೆಂದರೆ ಪಕ್ಕದ ಮನೆಯವಳು ಬಂದು ಏನಾಯಿತೆಂದು ಕೇಳಿದಳು. ಮೂವರೂ ನಕ್ಕು ನಕ್ಕು ಸುಸ್ತಾದರು. ಹಿಡಿಗೈ ಕನ್ನಡಿಯ ಕಡೆ ಬೆನ್ನು ಹಾಕಿದಳು. ಇಷ್ಟು ವರ್ಷ ಮುಖದಿಂದ ದೂರ ಇಟ್ಟಿದ್ದನ್ನು ಒಂದು ಸಂಜೆಯಲ್ಲಿ ಮುಖಕ್ಕೆ ತರಲು ಅವಳಿಂದ ಆಗಲಿಲ್ಲ. ನಿಜ ಹೇಳಬೇಕೆಂದರೆ, ಆಗಲಿಲ್ಲವೆಂದು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಕೋರ್ಟಿನ ಕೋಣೆ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. ಗೋಡೆಗೆ ಬಳಿದ ಸುಣ್ಣದ ಕೆಳಗೆ ತೇವ ಹತ್ತಿತ್ತು. ಕಟ್ಟಿದವನು ಗಾರೆಯಲ್ಲಿ ಮರಳು ಜಾಸ್ತಿ ಹಾಕಿದ್ದಾನೆ ಎಂದು ಗುಬ್ಬಿ ಕಿವಿಯಲ್ಲಿ ಹೇಳಿದಳು. ಎತ್ತರದ ಮೇಜಿನ ಹಿಂದೆ ವಯಸ್ಸಾದ ನ್ಯಾಯಾಧೀಶರು. ಅವರ ಕೆಳಗೆ ಟೈಪು ಮಾಡುವ ಹುಡುಗಿ. ಹುಡುಗಿಯ ಬೆನ್ನಿಗೆ ಒಂದು ಕಬ್ಬಿಣದ ಬೀರು, ಅದರ ನೆತ್ತಿಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕಡತಗಳ ಗಂಟುಗಳು ಒಂದರ ಮೇಲೊಂದು. ಸಾಕ್ಷಿ ನಿಲ್ಲುವ ಕಟಕಟೆ ಬೀರುವಿನ ಮಗ್ಗುಲಿಗೇ ಇತ್ತು. ಗುಬ್ಬಿ ತನ್ನ ಸರದಿಗೆ ಕಾಯುತ್ತಾ ಎದುರಿನ ಬೆಂಚಿನಲ್ಲಿ ಕೂತಳು. ಸಾಲಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಅತ್ತಿಗೆಯ ಮುಖಕ್ಕೆ ಮುಖ ಕೊಟ್ಟು.

ಕಂಪನಿ ವಕೀಲ ದನಿ ಎತ್ತುವವನಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ.

"ಮೂಳೆ ಮುರಿದಿದೆಯೇನಮ್ಮ?"

"ಇಲ್ಲ."

"ಗಾಯದ ಗುರುತು?"

"ಇಲ್ಲ."

"ಅಪಘಾತದ ದಿನ ನೀವೊಬ್ಬರೇ ಬೀಳದೆ ನಿಂತಿದ್ರಿ, ಅಲ್ಲವೇ? ಗಾರೆಯವನನ್ನ ಎತ್ತಿ ಕೂರಿಸಿದವರೂ ನೀವೇ."

"ಹೌದು. ಅವನು ಎದ್ದೇಳೋ ಹಾಗಿರಲಿಲ್ಲ."

"ಇಷ್ಟು ವರ್ಷ ಇಟ್ಟಿಗೆ ಹಿಡಿದಿದೀರಿ. ಕೈ ಸವೆಯೋದು ಸಹಜ. ಅಪಘಾತಕ್ಕೆ ಮುಂಚೇನೇ ಕೈ ಸೋತಿತ್ತು, ಇಟ್ಟಿಗೆ ಆಗಾಗ ಜಾರಿ ಬೀಳ್ತಿತ್ತು. ಇದು ನಿಜ ತಾನೆ?"

ಅಲ್ಲಿಯವರೆಗೆ ತಗ್ಗಿದ್ದ ಅವಳ ತಲೆ ಮೇಲೆದ್ದಿತು.

"ಏನಂದ್ರಿ?"

"ಇಟ್ಟಿಗೆ ಬೀಳ್ತಿತ್ತು ಅಂದೆ."

"ನನ್ನ ಕೈಯಿಂದ? ಸ್ವಾಮಿ, ಬೇಕಾದ್ರೆ ಕಳ್ಳಿ ಅನ್ನಿ. ನನ್ನ ಕೈಯಿಂದ ಇವತ್ತಿನವರೆಗೂ ಒಂದು ಇಟ್ಟಿಗೆ ಬಿದ್ದಿಲ್ಲ. ಬಿದ್ದಿದೆ ಅನ್ನೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ, ಇಲ್ಲೇ ನಿಂತಿರ್ತೀನಿ."

ಬೆಂಚಿನಿಂದ ಗುಬ್ಬಿ "ಹಾಗೆ ಹೇಳಿ ಅತ್ತಿಗೆ" ಎಂದಳು. ಜವಾನ ಅವಳನ್ನು ಗದರಿಸಿದ. ನ್ಯಾಯಾಧೀಶರ ತುಟಿ ಸ್ವಲ್ಪ ಅಲುಗಿತು, ನಗುವೋ ಕೆಮ್ಮೋ ಗೊತ್ತಾಗಲಿಲ್ಲ. ಕೈ ಎತ್ತಿ ತೋರಿಸಲು ಹೇಳಿದರು. ಅವಳು ಬಲಗೈ ಎತ್ತಿದಳು. ಭುಜದ ಮಟ್ಟಕ್ಕೆ ಬಂದು ಕೈ ನಿಂತಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಆದರೂ ಮುದುಕರು ಆ ಕೈಯನ್ನೇ ಬಹಳ ಹೊತ್ತು ನೋಡಿದರು. ಇವಳು ನಟಿಸುವವಳಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಅವಳ ವಕೀಲ ಮೇಜಿನ ಕೆಳಗೆ ಮುಷ್ಟಿ ಬಿಗಿದುಕೊಂಡ. ಗಾಳಿ ತಮ್ಮ ಕಡೆ ತಿರುಗುತ್ತಿರುವುದು ಅವನಿಗೆ ಗೊತ್ತಾಗಿತ್ತು.

"ಇಂಥದ್ದೇ ಒಂದು ಹಳೆಯ ತೀರ್ಪು ಇದೆ. ಆ ಕಡತ ತೆಗೆಯಪ್ಪ," ಎಂದು ನ್ಯಾಯಾಧೀಶರು ಜವಾನನಿಗೆ ಹೇಳಿದರು.

ಜವಾನ ಸ್ಟೂಲು ಹಾಕಿಕೊಂಡು ಹತ್ತಿ ಗಂಟುಗಳ ನಡುವಿನಿಂದ ಒಂದನ್ನು ಎಳೆದ. ಗೋಡೆಯ ನಡುವಿನ ಇಟ್ಟಿಗೆ ಕಿತ್ತರೆ ಮೇಲಿನದು ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಿದ್ದ ದೊಡ್ಡ ಗಂಟು ಓಲಾಡಿತು. ನೇರ ಕೆಳಗೆ ಟೈಪಿನ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

ಮೊದಲು ಕಂಡದ್ದು ಗುಬ್ಬಿಗೆ. ಬೇರೆ ಯಾರೇ ಆಗಿದ್ದರೂ "ಅಯ್ಯೋ" ಎನ್ನುತ್ತಿದ್ದರು, "ಏ ಹುಡುಗಿ" ಎನ್ನುತ್ತಿದ್ದರು. ಗುಬ್ಬಿಯ ಬಾಯಿಂದ ಬಂದದ್ದು ಅವಳ ಬಾಯಲ್ಲಿ ಯಾವಾಗಲೂ ಇದ್ದದ್ದೇ.

"ಹೋ!"

ಹಿಡಿಗೈ ನೋಡಲಿಲ್ಲ. ಕೈ ಹೋಯಿತು.

ಬಲಗೈ. ಭುಜ ದಾಟಿ, ತಲೆ ದಾಟಿ, ಕಟಕಟೆಯ ಆಚೆಗೆ ಪೂರ್ತಿ ಚಾಚಿಕೊಂಡು ಹೋಯಿತು. ಬೀಳುತ್ತಿದ್ದ ಗಂಟು ಹುಡುಗಿಯ ನೆತ್ತಿಗೆ ಗೇಣು ದೂರದಲ್ಲಿ ಅಂಗೈಗೆ ಬಂದು ಕೂತಿತು. ಅದನ್ನು ಮೈಗೆ ಎಳೆದುಕೊಂಡು, ತಿರುಗಿ, ಸದ್ದಾಗದಂತೆ ಮೇಜಿನ ಮೇಲೆ ಇಟ್ಟಳು. ಕೈ ಮತ್ತೆ ಮುಂದಿನದಕ್ಕೆ ಚಾಚಲು ಹೋಗಿ, ಆಗಲಿಲ್ಲ.

ಭುಜದೊಳಗೆ ಮತ್ತೆ ಆ ಬಟ್ಟೆ ಹರಿದ ಸದ್ದು ಆಗಿತ್ತು. ಈ ಸಲ ಅಂಚಿನ ತನಕ.

 ಟೈಪಿನ ಹುಡುಗಿ ತಲೆ ಎತ್ತಿ, ತನಗೇನು ತಪ್ಪಿತು ಎಂದು ತಿಳಿಯದೆ ಸುತ್ತ ನೋಡಿದಳು. ಕಂಪನಿ ವಕೀಲ ನಿಧಾನವಾಗಿ ಎದ್ದ. ಅವನೂ ಒಂದು ಕ್ಷಣ ಬೆರಗಾಗಿದ್ದ, ಸುಳ್ಳು ಹೇಳಬಾರದು. ಆಮೇಲೆ ಅವನ ಕಸುಬು ನೆನಪಾಯಿತು.

"ಸ್ವಾಮಿ, ಈಗ ನಾವೆಲ್ಲ ಕಣ್ಣಾರೆ ಕಂಡದ್ದು ದಾಖಲಾಗಬೇಕು ಅಂತ ಕೋರ್ತೀನಿ."

ಅವಳ ವಕೀಲನ ಮುಖ ಸುಣ್ಣದಂತಾಗಿತ್ತು. ಕಟಕಟೆಯ ಹತ್ತಿರ ಬಂದು ತುಟಿ ಅಲುಗದಂತೆ ಹೇಳಿದ: "ಅಕ್ಕಾ, ಈಗಲಾದ್ರೂ ಕೂಗಿ. ನೋವಾಗ್ತಿಲ್ವಾ? ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು."

ನ್ಯಾಯಾಧೀಶರು ಮುಂದಕ್ಕೆ ಬಾಗಿದರು.

"ನೋಡಮ್ಮ. ಆ ಹುಡುಗಿ ತಲೆ ಉಳಿಸಿದೆ. ಒಂದು ಮಾತು ಕೇಳ್ತೀನಿ, ಯೋಚನೆ ಮಾಡಿ ಹೇಳು. ಆತುರದಲ್ಲಿ ಮನುಷ್ಯ ಆಗದ್ದನ್ನೂ ಮಾಡ್ತಾನೆ, ನನಗೆ ಗೊತ್ತು. ಈಗ ಹಿಡಿದಾಗ ನಿನಗೆ ನೋವಾಯಿತಾ?"

ಬಾಗಿಲು ತೆರೆದೇ ಇತ್ತು. ಹೌದು ಎಂದರೆ ಸಾಕಿತ್ತು. ಅವಳು ಬಾಯಿ ತೆರೆಯುವ ಮುಂಚೆ ಎದುರಿನ ಬೆಂಚು ಕಣ್ಣಿಗೆ ಬಿತ್ತು. ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತಾನು ಏನೆಂದು ಕೂಗಿದೆ, ಯಾರಿಗೆ ಕೂಗಿದೆ ಎಂಬುದು ಅವಳಿಗೆ ಆಗ ತಾನೇ ಹೊಳೆದಿತ್ತು. ಅಷ್ಟು ದೊಡ್ಡ ಮೈಯಲ್ಲಿ ಅಲುಗುತ್ತಿದ್ದದ್ದು ಬೆರಳುಗಳು ಮಾತ್ರ. ಎಸೆಯುವ ಬೆರಳುಗಳು.

ಹೌದು ಎಂದರೆ ಕೇಸು ಉಳಿಯಬಹುದು, ಖಂಡಿತ ಏನಲ್ಲ. ಆದರೆ ಆ ಬೆರಳುಗಳ ವಿಷಯ ಖಂಡಿತ. "ಹೋ" ಎಂದು ಅತ್ತಿಗೆಯ ಕೈ ಕಿತ್ತವಳು ತಾನು ಎಂದು ಒಮ್ಮೆ ತಿಳಿದರೆ ಗುಬ್ಬಿ ಮತ್ತೆ ಯಾರಿಗೂ "ಹೋ" ಎನ್ನಲಾರಳು. ಮನೆಯಲ್ಲಿ ದುಡಿಯುವ ಕೈ ಈಗ ಅದೊಂದೇ. ಲೆಕ್ಕ ಇಷ್ಟು ಸರಳವಾಗಿತ್ತು. ಆದರೆ ಬರೀ ಲೆಕ್ಕವೂ ಅಲ್ಲ. ಕಂಪನಿ ವಕೀಲ "ಬೀಳ್ತಿತ್ತು" ಎಂದ ಮಾತು ಇನ್ನೂ ಕಿವಿಯಲ್ಲಿ ಉರಿಯುತ್ತಿತ್ತು. ಮೇಜಿನ ಮೇಲೆ ಗಂಟು ಕೂತಿತ್ತು, ಬಟ್ಟೆಯ ಗಂಟು ಕೂಡ ಸಡಿಲವಾಗದಂತೆ.

ಅವಳು ನೆಟ್ಟಗೆ ನಿಂತಳು.

"ಇಲ್ಲ ಸ್ವಾಮಿ. ನೋವಾಗಲಿಲ್ಲ."

ಆ ಕೋಣೆಯಲ್ಲಿ ಅದುವರೆಗೆ ಎಷ್ಟೋ ಸುಳ್ಳುಗಳು ಹುಟ್ಟಿರಬೇಕು. ಹೇಳಿದವರಿಗೇ ನಷ್ಟ ತರುವ ಸುಳ್ಳನ್ನು ಅದರ ಗೋಡೆಗಳು ಹೆಚ್ಚು ಕೇಳಿರಲಾರವು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು, ಟೈಪಿನ ಹುಡುಗಿಗೆ ಬರೆದುಕೋ ಎಂದರು. ಹುಡುಗಿ ಬರೆದುಕೊಂಡಳು. ಅವಳ ಕೆಲಸವೇ ಅದು.

ಹೊರಗೆ ಮೆಟ್ಟಿಲ ಮೇಲೆ ವಕೀಲ ತಲೆ ಚಚ್ಚಿಕೊಂಡ. "ಎರಡು ಅಕ್ಷರ ಅಕ್ಕಾ! 'ಹೌದು' ಅನ್ನೋಕೆ ನಿಮಗೆ ಎರಡು ಅಕ್ಷರ ಭಾರ ಆಯ್ತಾ?"

"ನಿಮ್ಮ ಶ್ರಮ ವ್ಯರ್ಥ ಮಾಡಿದೆ ವಕೀಲರೇ. ಬೇಜಾರಾಗಬೇಡಿ."

"ನನ್ನ ಶ್ರಮ ಬಿಡಿ. ನಿಮ್ಮ ಕೈ?" ಎಂದು ಅವನು ಕೇಳಿದ. ಅವಳು ಮೆಟ್ಟಿಲಿಳಿದಳು. ಗುಬ್ಬಿ ಹಿಂದೆಯೇ ಬರುತ್ತಿದ್ದಳು.

"ಅತ್ತಿಗೆ, ನಾನು ಕೂಗಿದ್ದಕ್ಕೆ..."

"ಕೂಗದೆ ಇದ್ದಿದ್ರೆ ಆ ಹುಡುಗಿ ಕತ್ತು ಮುರೀತಿತ್ತು. ಸರಿಯಾದ ಹೊತ್ತಿಗೇ ಕೂಗ್ದೆ."

"ನಿಜವಾಗ್ಲೂ ನೋವಾಗಲಿಲ್ವಾ?"

"ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿದ್ದು ನಿನಗೆ ಸಾಲ್ದಾ? ನಡಿ, ಬಸ್ಸು ಹೋಗುತ್ತೆ."

ಬಸ್ಸಿನಲ್ಲಿ ಅವಳು ಕಂಬಿಯನ್ನು ಎಡಗೈಯಲ್ಲಿ ಹಿಡಿದಳು. ಗುಬ್ಬಿ ಅದನ್ನು ನೋಡಿದಳೋ ಇಲ್ಲವೋ, ನೋಡಿದ್ದರೆ ಏನು ತಿಳಿದುಕೊಂಡಳೋ, ಇಬ್ಬರೂ ಆ ಮಾತನ್ನು ಮುಂದೆಂದೂ ಎತ್ತಲಿಲ್ಲ. ಗುಬ್ಬಿ ಮಾತ್ರ ಆವತ್ತಿನಿಂದ ನೀರಿನ ಕೊಡವನ್ನು ಅತ್ತಿಗೆಗೆ ಮುಟ್ಟಲು ಬಿಡಲಿಲ್ಲ.

ಅತ್ತೆಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ, ಇಷ್ಟು ದಿನ ತಲೆ ಬಗ್ಗಿಸಿ ಹೇಗೋ ಬಾಚಿಕೊಳ್ಳುತ್ತಿದ್ದ ಸೊಸೆ ಬಾಚಣಿಗೆ ಹಿಡಿದು ಸುಮ್ಮನೆ ಕೂತಿದ್ದನ್ನು ನೋಡಿ, ಮಂಜುಗಣ್ಣಿನ ಮುದುಕಿ ಹಿಂದೆ ಬಂದು ಕೂತು ಬಾಚಣಿಗೆ ಕಿತ್ತುಕೊಂಡಳು. ಸ್ವಲ್ಪ ಹೊತ್ತು ಸಿಕ್ಕು ಬಿಡಿಸಿದಳು. ಗುಬ್ಬಿ ಕೆಲಸಕ್ಕೆ ಹೋಗಿದ್ದಳು.

"ಪೂರ್ತಿ ಹೋಯ್ತಾ?"

"ಹೂಂ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ ಮೂದೇವಿ?"

"ಗುಬ್ಬಿ ಅಲ್ಲೇ ಇದ್ದಳು ಅತ್ತೆ."

ಬಾಚಣಿಗೆ ನಿಂತಿತು. ಗುಬ್ಬಿ ಅವಳ ಹೊಟ್ಟೆಯಲ್ಲಿ ಹುಟ್ಟಿದವಳು. ಮುದುಕಿ ಮತ್ತೆ ಬಾಚತೊಡಗಿದಳು.

"ಆ ಗಂಟು ಎಷ್ಟು ಭಾರ ಇತ್ತು?"

"ಐದಾರು ಇಟ್ಟಿಗೆಯಷ್ಟು."

"ಎರಡು ಕೈಲಿ ಹಿಡಿದ್ಯಾ?"

"ಒಂದೇ ಕೈಲಿ."

"ನೋಡಿಕೊಂಡು ಹಿಡಿದ್ಯಾ?"

"ಇಲ್ಲ. 'ಹೋ' ಅಂದ್ಲು, ಹಿಡಿದೆ."

ಮುದುಕಿ ಬಾಚಣಿಗೆ ಬದಿಗಿಟ್ಟಳು. ಕೂದಲನ್ನು ಮೂರು ಪಾಲು ಮಾಡಿ ಬಿಗಿಯಾಗಿ ಹೆಣೆಯತೊಡಗಿದಳು, ಯಾರಿಗೋ ತೋರಿಸಲು ಕಳಿಸುವವಳ ಹಾಗೆ. "ನೆಟ್ಟಗೆ ಕೂತ್ಕೋ," ಎಂದಳು. "ಸಾರುವೆ ಮೇಲೆ ನಿಂತೋಳು ಹೀಗಾ ಕೂರೋದು?"

ತೀರ್ಪು ಬಂತು. ಅರ್ಜಿದಾರಳಿಗೆ ಆದದ್ದು ಸಾಮಾನ್ಯ ಉಳುಕು, ಅದು ಈಗ ವಾಸಿಯಾಗಿದೆ ಎಂದಿತ್ತು. ಮುಲಾಮಿನ ಖರ್ಚು, ಬಸ್ಸಿನ ಖರ್ಚು ಕೊಡಿಸಿದ್ದರು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಕೈ ಮುಟ್ಟಿ ನೋಡಿ, ಇನ್ನು ಹೊಲಿಯಲು ಏನೂ ಉಳಿದಿಲ್ಲ ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಸ ಕಟ್ಟಡದ ಗೋಡೆ ಆಳೆತ್ತರ ದಾಟಿದ ದಿನ ಹಿಡಿಗೈ ಕೆಲಸದ ಜಾಗಕ್ಕೆ ಹೋದಳು. ಸಾರುವೆ ಕಟ್ಟಿ ಮುಗಿದಿತ್ತು. ಅವಳ ಜಾಗ ಖಾಲಿ ಇತ್ತು, ಮೇಸ್ತ್ರಿ ಮಾತು ಉಳಿಸಿಕೊಂಡಿದ್ದ. ಅವಳು ಏಣಿಯ ತನಕ ನಡೆದು ನಿಂತಳು. ಕಾಲು ಮುರಿದಿದ್ದ ಗಾರೆಯವನೂ ಕುಂಟುತ್ತಾ ಬಂದು ಸೇರಿಕೊಂಡಿದ್ದ. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು.

"ನಾನು ಹತ್ತಲ್ಲ," ಎಂದಳು ಅವಳು ಮೇಸ್ತ್ರಿಗೆ, ಎಲ್ಲರಿಗೂ ಕೇಳುವ ಹಾಗೆ. "ಬೀಳಿಸಿ ಇಳೀತಿಲ್ಲ. ನಾನಾಗಿ ಇಳೀತಿದೀನಿ. ನಮ್ಮತ್ತೆ ಇಳಿದ ಹಾಗೆ."

 ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಹೆಂಗಸೊಬ್ಬಳು ತಲೆಯ ಮೇಲಿನ ಗಾರೆಯ ಬಾಣಲೆ ಇಳಿಸಿ ನೆಲಕ್ಕಿಟ್ಟಳು. ತಾನಾಗಿ ಇಳಿಯುವವಳ ಮುಂದೆ ಹಾಗೆ ಮಾಡುವುದು ಸಾಲಿನ ರೂಢಿ. ಉಳಿದವರೂ ಒಬ್ಬೊಬ್ಬರಾಗಿ ಇಳಿಸಿದರು.

"ಹತ್ತೇ ಗುಬ್ಬಿ," ಎಂದಳು ಹಿಡಿಗೈ.

"ನಾನಾ? ನನಗೆ ಎಸೆಯೋದು ಗೊತ್ತು, ಹಿಡಿಯೋದು ಯಾರಿಗೆ ಗೊತ್ತು!"

"ಎಸೆಯೋಳಿಗೆ ಗೊತ್ತಿಲ್ಲದೆ ಇನ್ನು ಯಾರಿಗೆ ಗೊತ್ತಿರುತ್ತೆ? ಹತ್ತು. ಹಲಗೆ ಗಟ್ಟಿ ಇದೆ, ಹೆದರಬೇಡ. ಎರಡು ಹಾಕಿಸಿದೀನಿ."

ಎಲ್ಲರೂ ನಕ್ಕರು. ಗುಬ್ಬಿ ಬೈದುಕೊಳ್ಳುತ್ತಾ ಹತ್ತಿದಳು. ಹಲಗೆ ಕಿರುಗುಟ್ಟಿತು, ನಿಂತಿತು. ಕೆಳಗೆ ಹಿಡಿಗೈ ಎಡಗೈಯಲ್ಲಿ ಇಟ್ಟಿಗೆ ಎತ್ತಿಕೊಂಡಳು. ಮನೆಯ ಹಿತ್ತಲಲ್ಲಿ, ಯಾರಿಗೂ ಹೇಳದೆ, ಎಡಗೈಗೆ ಎಸೆತ ಕಲಿಸಿಕೊಂಡಿದ್ದಳು. ಮೇಲೆ ಗುಬ್ಬಿಯ ಎರಡೂ ಕೈ ಚಾಚಿದ್ದವು. ಬೆರಳು ಅಲುಗುತ್ತಿರಲಿಲ್ಲ. ಅವಳು ಇಟ್ಟಿಗೆಯನ್ನು ನೋಡುತ್ತಿರಲಿಲ್ಲ.

"ಹೋ," ಎಂದಳು ಹಿಡಿಗೈ.

ಸಂಜೆ ವ್ಯಾನಿನಲ್ಲಿ ಹೋಗುವಾಗ ಗಾರೆಯವನು, ಒಟ್ಟಿನಲ್ಲಿ ನಿನಗೆ ಈ ಗಲಾಟೆಯಲ್ಲಿ ಏನೇನು ಹೋಯಿತು ಅಕ್ಕ ಎಂದು ಕೇಳಿದ. ಅವಳು ಕಂಬಿಗೆ ಎಡಗೈ ಕೊಟ್ಟು ನಿಂತು ಹೇಳಿದಳು. ಒಂದು ಕೇಸು. ಒಂದು ಆಪರೇಷನ್ನು. ಒಂದು ತೋಳು, ಭುಜದಿಂದ ಮೇಲಕ್ಕೆ. ಇಟ್ಟಿಗೆ, ಒಂದೂ ಇಲ್ಲ.